ಓಟಿಪಿ ಹೇಳುವ ಮೊದಲು

ಗುರುವಾಯನಕೆರೆಯಿಂದ ವೇಣೂರಿಗೆ ಹೋಗುವ ರಸ್ತೆಯಲ್ಲಿ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಸವಾರನ ಬೆನ್ನಿಗಿಂತ ದೊಡ್ಡ ಚೀಲ ಹೊತ್ತ ಬೈಕುಗಳು ಒಂದರ ಹಿಂದೆ ಒಂದು ಸಿಗುತ್ತವೆ. ಕಲ್ಲಡ್ಕದಿಂದ ವಿಟ್ಲದ ಕಡೆಗೂ ಮೂಡುಬಿದಿರೆಯಿಂದ ಶಿರ್ತಾಡಿ, ಬೆಳುವಾಯಿ ಕಡೆಗೂ ಇದೇ ನೋಟ. ಚೀಲದೊಳಗೆ ಸೀರೆ, ಮೊಬೈಲ್ ಕವರ್, ಕುಕ್ಕರಿನ ಗ್ಯಾಸ್ಕೆಟ್, ಮಕ್ಕಳ ಶೂ, ಸ್ಪ್ರೇಯರಿನ ನಾಝಲ್. ಮೊದಲು ಮಂಗಳೂರಿನ ಹಂಪನಕಟ್ಟೆಗೆ ಬಸ್ಸು ಹತ್ತಿ ಹೋಗಿ ತರುತ್ತಿದ್ದ ವಸ್ತುಗಳು ಈಗ ತೋಟದ ಗೇಟಿನವರೆಗೆ ಬರುತ್ತವೆ.

ಗೇಟಿನವರೆಗೆ ಎಂದೆ, ಎಷ್ಟೋ ಸಲ ಅಲ್ಲಿಯವರೆಗೂ ಬರುವುದಿಲ್ಲ. ನಮ್ಮಲ್ಲಿ ಮನೆಗಳು ಒತ್ತೊತ್ತಾಗಿ ಸಾಲುಗಟ್ಟಿ ನಿಂತಿಲ್ಲ. ಅಡಿಕೆ ತೋಟದ ನಡುವೆ ಒಂದು, ಗುಡ್ಡದ ಬದಿಯಲ್ಲಿ ಇನ್ನೊಂದು. ವಿಳಾಸವೆಂದರೆ ಮನೆಯ ಹೆಸರು, ಗ್ರಾಮ, ಅಂಚೆ, ಆಮೇಲೆ ಪಿನ್‌ಕೋಡ್: ಬಂಟ್ವಾಳ 574211, ಬೆಳ್ತಂಗಡಿ 574214, ಮೂಡುಬಿದಿರೆ 574227, ಉಜಿರೆ 574240. ಒಂದೊಂದು ಪಿನ್‌ಕೋಡಿನೊಳಗೆ ಗುಡ್ಡ, ಹೊಳೆ, ಮಣ್ಣಿನ ರಸ್ತೆ ಎಲ್ಲವೂ ಅಡಕ. ಹಾಗಾಗಿ ಮುಖ್ಯರಸ್ತೆಯಿಂದಲೇ ಫೋನು ಬರುತ್ತದೆ.

"ಅಮ್ಮಾ, ನಿಮ್ಮದೊಂದು ಪಾರ್ಸೆಲ್ ಉಂಟು. ಒಳಗೆ ಬರ್ಲಿಕ್ಕೆ ರಸ್ತೆ ಸರಿ ಇಲ್ಲ. ಕಟ್ಟೆ ಹತ್ರದ ಅಂಗಡಿಯಲ್ಲಿ ಇಟ್ಟು ಹೋಗ್ತೇನೆ. ಓಟಿಪಿ ಬಂದಿರ್ತದೆ, ಅದೊಂದು ಹೇಳಿ."

"ನಿಲ್ಲು ಮಗಾ, ನೋಡಿ ಹೇಳ್ತೇನೆ."

ಕೆಟ್ಟ ಉದ್ದೇಶ ಇಬ್ಬರಲ್ಲೂ ಇಲ್ಲ. ಹುಡುಗನಿಗೆ ಇನ್ನೂ ನಲವತ್ತು ಮನೆ ಬಾಕಿ, ಅಮ್ಮನಿಗೆ ಒಲೆಯ ಮೇಲೆ ಗಂಜಿ. ಆದರೆ ಆ ಸಂಖ್ಯೆಗಳನ್ನು ಹೇಳಿದ ಕೂಡಲೇ ಕಂಪನಿಯ ಲೆಕ್ಕದಲ್ಲಿ ಸರಕು ತಲುಪಿಯಾಯಿತು. ಪೊಟ್ಟಣ ಇನ್ನೂ ಅಂಗಡಿಯ ಬೆಂಚಿನ ಮೇಲಿದೆ, ಯಾರೂ ಬಿಚ್ಚಿಲ್ಲ. ಸಂಜೆ ಬಿಚ್ಚಿದಾಗ ಒಳಗೆ ಬೇರೇನೋ ಇದ್ದರೆ, ಅಥವಾ ಪೊಟ್ಟಣವೇ ಕಾಣೆಯಾದರೆ, ವಾದ ಶುರುವಾಗುವುದು "ನೀವೇ ಓಟಿಪಿ ಕೊಟ್ಟಿದ್ದೀರಲ್ಲ" ಎಂಬ ಮಾತಿನಿಂದ. ಚಾರ್ಮಾಡಿ, ನೆರಿಯ, ಶಿಶಿಲದಂತಹ ಘಟ್ಟದ ಬುಡದ ಊರುಗಳಲ್ಲಿ ನೆಟ್‌ವರ್ಕ್ ಸಿಗುವ ಜಾಗ ಹುಡುಕಿಕೊಂಡು ಹೋಗಿ ಓಟಿಪಿ ನೋಡಬೇಕಾದ ಮನೆಗಳೂ ಇವೆ. ಅಂಥಲ್ಲಿ ಅವಸರ ಇನ್ನೂ ಹೆಚ್ಚು.

ಆನ್‌ಲೈನ್ ಖರೀದಿಯ ಜಾಗ್ರತೆ ಎಂದಾಗ ಎಲ್ಲರೂ ಪಾಸ್‌ವರ್ಡ್ ವಿಷಯ ಎತ್ತುತ್ತಾರೆ. ಅದೂ ಬೇಕು. ಆದರೆ ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳಲ್ಲಿ ನಿಜವಾಗಿ ಬದಲಾಗಬೇಕಾದದ್ದು ಬೇರೆ ಎಂದು ನನಗೆ ಖಚಿತವಾಗಿ ಅನಿಸಿದೆ. ನಾವು ಮುಖ ನೋಡಿ ಕೊಳ್ಳುವ ಜನ. ಸರಕು ತುಂಬಿದ ದೋಣಿಗಳು ನೇತ್ರಾವತಿಯಲ್ಲಿ ಮಂಗಳೂರಿಗೆ ಇಳಿಯುತ್ತಿದ್ದ ಕಾಲದಿಂದ ಬಂಟ್ವಾಳ ಪೇಟೆ ನಡೆದದ್ದು ಪರಿಚಯದ ಮೇಲೆ. ಅಂಗಡಿಯವರು ಪುಸ್ತಕದಲ್ಲಿ ಬರೆದಿಟ್ಟರು, ಅಡಿಕೆ ಮಾರಿದ ಮೇಲೆ ನಾವು ಕೊಟ್ಟೆವು. ಸೀರೆಯ ಬಣ್ಣ ಹೋದರೆ "ತಂದುಕೊಡಿ, ಬೇರೆ ಕೊಡುವ" ಎಂದರು. ಬಿಲ್ ಕೇಳುವುದೇ ಅವಿಶ್ವಾಸ ತೋರಿಸಿದಂತೆ ಎಂಬ ಸಂಕೋಚ ನಮ್ಮಲ್ಲಿ ಇನ್ನೂ ಇದೆ. ಫೋನಿನಲ್ಲಿ ಕೊಳ್ಳುವಾಗ ಆ ಮುಖ ಇಲ್ಲ. ಅದರ ಜಾಗದಲ್ಲಿ ನಿಲ್ಲಬಲ್ಲದ್ದು ದಾಖಲೆ ಒಂದೇ. ದಾಖಲೆ ಇದ್ದವರ ಬೆನ್ನಿಗೆ ಕಾನೂನು ಬಲವಾಗಿಯೇ ನಿಂತಿದೆ. ಇಲ್ಲದವರ ಕೈಯಲ್ಲಿ ಬೇಸರ ಮಾತ್ರ ಉಳಿಯುತ್ತದೆ.

ಹಾಗಾಗಿ ಓಟಿಪಿಯ ಮಾತು ಮೊದಲು. ಪೊಟ್ಟಣ ನಿಮ್ಮ ಕೈಗೋ, ನೀವು ನಂಬಿದ ಒಬ್ಬರ ಕೈಗೋ ಬಂದ ಮೇಲೆ ಸಂಖ್ಯೆ ಹೇಳಿ. ಮೊಬೈಲ್‌ನಂತಹ ಬೆಲೆಬಾಳುವ ವಸ್ತುಗಳಿಗೆ ಎದುರಲ್ಲೇ ಬಿಚ್ಚಿ ತೋರಿಸುವ 'ಓಪನ್ ಬಾಕ್ಸ್' ವ್ಯವಸ್ಥೆ ಹಲವು ಕಡೆ ಇದೆ. ಅದಿದ್ದರೆ ಆರ್ಡರ್ ಮಾಡುವಾಗಲೇ ಗಮನಿಸಿ, ನೋಡಿದ ಮೇಲಷ್ಟೇ ಓಟಿಪಿ ಕೊಡಿ. ಇಲ್ಲದಿದ್ದರೆ ಮನೆಯಲ್ಲಿ ಬಿಚ್ಚುವಾಗ ವಿಡಿಯೊ ಮಾಡಿ. ಅಂಟುಪಟ್ಟಿ ಹರಿಯದ ಪೊಟ್ಟಣದ ಎಲ್ಲ ಬದಿ, ಮೇಲಿನ ಚೀಟಿಯಲ್ಲಿರುವ ಆರ್ಡರ್ ಸಂಖ್ಯೆ, ಕತ್ತರಿ ಹಾಕುವುದು, ವಸ್ತುವಿನ ಸೀರಿಯಲ್ ನಂಬರ್, ಇಷ್ಟೂ ನಡುವೆ ಎಲ್ಲೂ ನಿಲ್ಲಿಸದೆ ಒಂದೇ ಓಟದಲ್ಲಿ ಬರಬೇಕು. ತುಂಡುತುಂಡಾಗಿ ತೆಗೆದ ವಿಡಿಯೊವನ್ನು ಅಲ್ಲಗಳೆಯುವುದು ಸುಲಭ. ವಸ್ತು ಸರಿ ಇದ್ದರೆ ಅಳಿಸಿಬಿಡಿ, ಆದರೆ ವಾಪಸ್ ಕೊಡುವ ಅವಧಿ ಮುಗಿದ ಮೇಲೆ.

ಇನ್ನೊಂದು ಚಾಳಿ ಇತ್ತೀಚೆಗೆ ಕಾಣುತ್ತಿದೆ. ಯಾರೂ ಆರ್ಡರ್ ಮಾಡದ ಪಾರ್ಸೆಲ್, ಕೈಗೆ ಬಂದಾಗ ದುಡ್ಡು. ಮಕ್ಕಳು ಬೆಂಗಳೂರಿನಲ್ಲೋ ಗಲ್ಫ್‌ನಲ್ಲೋ ಇರುವ ಮನೆಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಮಗನೇ ತರಿಸಿರಬೇಕು ಎಂದು ಅಪ್ಪ ಏಳುನೂರು ರೂಪಾಯಿ ಎಣಿಸಿ ಕೊಡುತ್ತಾರೆ. ರಾತ್ರಿ ಮಗ ಫೋನ್ ಮಾಡಿದಾಗ "ನಾನು ಎಂತದ್ದೂ ತರಿಸಿಲ್ಲ ಅಪ್ಪಾ" ಎನ್ನುತ್ತಾನೆ. ಮನೆಯಲ್ಲಿ ಹಿರಿಯರಿದ್ದರೆ ಒಂದು ಕಟ್ಟುನಿಟ್ಟಿನ ನಿಯಮ ಮಾಡಿಕೊಳ್ಳಿ: ಏನೇ ತರಿಸಿದರೂ ಮೊದಲೇ ಅವರಿಗೆ ಫೋನ್ ಮಾಡಿ ಹೇಳುವುದು, ಹೇಳದೆ ಬಂದದ್ದನ್ನು ವಾಪಸ್ ಕಳಿಸುವುದು. ಕಳಿಸಲು ಯಾವ ಅಡ್ಡಿಯೂ ಇಲ್ಲ.

ಇನ್ನು ಕೊಳ್ಳುವ ವಸ್ತುವಿನ ಮಾತು. ಅಡಿಕೆಯ ನಾಡಿನಲ್ಲಿ ಕುಳಿತು ದೋಟಿಯ ಬಗ್ಗೆ ಬರೆಯದಿರಲು ಆಗುವುದಿಲ್ಲ. ಮರ ಹತ್ತುವವರು ಸಿಗದಾದ ಮೇಲೆ ಕಾರ್ಬನ್ ಫೈಬರ್ ದೋಟಿ ತೋಟ ಉಳಿಸಿದೆ ಎಂದರೆ ಉತ್ಪ್ರೇಕ್ಷೆಯಲ್ಲ. ನೆಲದಲ್ಲೇ ನಿಂತು ಗೊನೆ ಇಳಿಸಬಹುದು, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬಹುದು. ಒಳ್ಳೆಯ ದೋಟಿಗೆ ಹತ್ತಾರು ಸಾವಿರ ರೂಪಾಯಿ. ಹಾಗಿರುವಾಗ ಫೇಸ್‌ಬುಕ್‌ನಲ್ಲಿ ಅರ್ಧಕ್ಕಿಂತ ಕಡಿಮೆ ಬೆಲೆಯ ಜಾಹೀರಾತು ಬಂದರೆ ಮನಸ್ಸು ಓಡುತ್ತದೆ. ಮಳೆ ಹಿಡಿಯುವ ಮೊದಲು ಮದ್ದು ಬಿಡಬೇಕೆಂಬ ಅವಸರದಲ್ಲಿ ಜನ ಮುಂಗಡ ಹಣ ಹಾಕುವುದೂ ಆಗಲೇ.

ಬಂದದ್ದು ಕಪ್ಪು ಬಣ್ಣ ಬಳಿದ ಗ್ಲಾಸ್ ಫೈಬರ್ ಆಗಿರಬಹುದು. ನೋಡಲು ಅದೇ, ಎತ್ತಿ ಹಿಡಿದಾಗ ಭಾರ, ಪೂರ್ತಿ ಎಳೆದಾಗ ತುದಿ ಬಾಗುತ್ತದೆ. ಎರಡು ಕೊಳವೆ ಸೇರುವಲ್ಲಿರುವ ಲಾಕ್ ಒಂದು ಕೊಯ್ಲಿಗೇ ಸಡಿಲವಾದರೆ ಬದಲಿ ಭಾಗ ಎಲ್ಲಿಂದ ತರುವುದು? ಜಾಹೀರಾತಿನ ಚಿತ್ರದಲ್ಲಿ ಕಾಣದ ಇನ್ನೊಂದು ಸಂಗತಿ ಜೀವಕ್ಕೆ ಸಂಬಂಧಿಸಿದ್ದು. ಕಾರ್ಬನ್ ಫೈಬರ್ ವಿದ್ಯುತ್ ಹರಿಯಗೊಡುತ್ತದೆ, ಅಲ್ಯೂಮಿನಿಯಂ ಅಂತೂ ಸರಿಯೇ ಸರಿ. ತೋಟದ ಮೇಲೆ ತಂತಿ ಹಾದುಹೋಗಿದ್ದರೆ ಅದರ ಹತ್ತಿರ ಈ ದೋಟಿ ಎತ್ತಲೇಬಾರದು. ಊರಿನ ಅಂಗಡಿಯವರು ಇದನ್ನು ಬಾಯಿಬಿಟ್ಟು ಹೇಳುತ್ತಾರೆ, ಕೈಗೆ ಕೊಟ್ಟು ಎತ್ತಿಸಿ ತೋರಿಸುತ್ತಾರೆ. ಹಾಗಾಗಿ ದೋಟಿ, ಕಳೆ ಕೊಚ್ಚುವ ಯಂತ್ರ, ಅಡಿಕೆ ಸುಲಿಯುವ ಯಂತ್ರದಂತಹವನ್ನು ರಿಪೇರಿ ಎಲ್ಲಿ ಆಗುತ್ತದೆಂದು ತಿಳಿಯದೆ ಆನ್‌ಲೈನ್‌ನಲ್ಲಿ ತರಿಸುವುದು ಬೇಡ ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ. ನಾಝಲ್, ಬ್ಲೇಡು, ಪೈಪು ಧಾರಾಳವಾಗಿ ತರಿಸಿ. ಸಹಾಯಧನದ ಆಲೋಚನೆ ಇದ್ದರೆ ದುಡ್ಡು ಕೊಡುವ ಮೊದಲು ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ; ಸಿಕ್ಕಿದಲ್ಲಿ ಕೊಂಡು ಆಮೇಲೆ ಬಿಲ್ ಹಿಡಿದು ಹೋದರೆ ಕೆಲಸ ಆಗದಿರಬಹುದು.

ತೋಟಕ್ಕೆ ಕೊಂಡ ಯಂತ್ರ ವ್ಯಾಪಾರದ ಬಾಬತ್ತು, ಗ್ರಾಹಕ ಕಾನೂನು ನಮಗಲ್ಲ ಎಂದು ಅನೇಕರು ಸುಮ್ಮನಾಗುತ್ತಾರೆ. ಅದು ತಪ್ಪು ತಿಳಿವಳಿಕೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡ ವಸ್ತುವನ್ನು ವಾಣಿಜ್ಯ ಉದ್ದೇಶದ್ದೆಂದು ಕಾಯ್ದೆ ಪರಿಗಣಿಸುವುದಿಲ್ಲ. ಕಳಪೆ ಬೀಜದಿಂದ ಬೆಳೆ ಕಳೆದುಕೊಂಡ ಆಂಧ್ರದ ರೈತರ ಪ್ರಕರಣದಲ್ಲಿ, ರಾಷ್ಟ್ರೀಯ ಬೀಜ ನಿಗಮದ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟ್ ರೈತರನ್ನು ಗ್ರಾಹಕರೆಂದೇ ಒಪ್ಪಿಕೊಂಡಿತು. ಆನ್‌ಲೈನ್ ಖರೀದಿಯೂ ಖರೀದಿಯೇ ಎಂದು 2019ರ ಗ್ರಾಹಕ ರಕ್ಷಣಾ ಕಾಯ್ದೆ ಸ್ಪಷ್ಟವಾಗಿ ಬರೆದಿದೆ.

ಅಡುಗೆಮನೆಗೆ ಬಂದರೆ, ಕುಚ್ಚಲಕ್ಕಿ ಬೇಯಲು ಹೊತ್ತು ಬೇಕು. ಹಾಗಾಗಿ ನಮ್ಮ ಮನೆಗಳಲ್ಲಿ ಕುಕ್ಕರಿಗೆ ದಿನವೂ ಗಟ್ಟಿ ಕೆಲಸ. ಗೃಹಬಳಕೆಯ ಪ್ರೆಷರ್ ಕುಕ್ಕರಿಗೆ ಐಎಸ್ಐ ಗುರುತು 2021ರ ಫೆಬ್ರುವರಿ 1ರಿಂದ ಕಡ್ಡಾಯ. ಆಮೇಲೂ ಗುರುತಿಲ್ಲದ ಕುಕ್ಕರುಗಳು ದೊಡ್ಡ ಜಾಲತಾಣಗಳಲ್ಲೇ ಮಾರಾಟವಾದವು. 2022ರ ಆಗಸ್ಟ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅಮೆಜಾನ್‌ಗೂ ಫ್ಲಿಪ್‌ಕಾರ್ಟ್‌ಗೂ ತಲಾ 1 ಲಕ್ಷ ರೂಪಾಯಿ ದಂಡ ಹಾಕಿತು. ಒಂದರಲ್ಲಿ 2,265, ಇನ್ನೊಂದರಲ್ಲಿ 598 ಕುಕ್ಕರು ಮಾರಾಟವಾಗಿದ್ದವು; ಕೊಂಡವರಿಗೆಲ್ಲ ತಿಳಿಸಿ ಕುಕ್ಕರು ವಾಪಸ್ ಪಡೆದು ಹಣ ಮರಳಿಸಲು ಆದೇಶವಾಯಿತು. ದೊಡ್ಡ ಹೆಸರಿನ ಜಾಲತಾಣದಲ್ಲಿದೆ ಎಂಬುದೇ ಗುಣಮಟ್ಟಕ್ಕೆ ಸಾಕ್ಷಿಯಲ್ಲ. ಮಾರುವವರು ಬೇರೆ ಯಾರೋ. ಜಾಲತಾಣ ಹೆಚ್ಚಾಗಿ ಸಂತೆಯ ಮೈದಾನವಷ್ಟೇ. 'ಸೋಲ್ಡ್ ಬೈ' ಎಂದು ಸಣ್ಣಕ್ಷರದಲ್ಲಿರುವ ಹೆಸರೇ ನಿಮ್ಮ ಅಂಗಡಿಕಾರ. ಆ ಹೆಸರು, ತಯಾರಾದ ದೇಶ, ವಾರಂಟಿ ಯಾರದು ಎಂಬ ಮೂರರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಏಕೆಂದರೆ ಆ ಪುಟ ನಾಳೆ ಬದಲಾಗಬಹುದು. ಕುಕ್ಕರು ಬಂದ ಮೇಲೆ ನೋಡಿ, ಐಎಸ್ಐ ಗುರುತಿನ ಹತ್ತಿರ ಸಿಎಂ/ಎಲ್ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಅದನ್ನು 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿದರೆ ಪರವಾನಗಿ ಅಸಲಿಯೋ ಅಲ್ಲವೋ ಅಲ್ಲೇ ತಿಳಿಯುತ್ತದೆ. ಚಿನ್ನದ ಹಾಲ್‌ಮಾರ್ಕಿನ ಗುರುತುಸಂಖ್ಯೆಯನ್ನೂ (ಎಚ್‌ಯುಐಡಿ) ಅದೇ ಆ್ಯಪ್‌ನಲ್ಲಿ ನೋಡಬಹುದು.

ಬೆಲೆಯ ಆಟಗಳು ಗೊತ್ತೇ ಇವೆ: 'ಇನ್ನು ಎರಡೇ ಉಳಿದಿವೆ', ಓಡುವ ಗಡಿಯಾರ, ದುಡ್ಡು ಕಟ್ಟುವ ಹಂತದಲ್ಲಿ ಇಣುಕುವ ಶುಲ್ಕ, ಕೇಳದೆ ಬುಟ್ಟಿಗೆ ಸೇರಿದ ವಿಮೆ. ಇಂಥ 13 ಬಗೆಯ ಮರುಳುಗೊಳಿಸುವ ತಂತ್ರಗಳನ್ನು ಅದೇ ಪ್ರಾಧಿಕಾರದ 2023ರ ನವೆಂಬರ್ 30ರ ಮಾರ್ಗಸೂಚಿ ನಿಷೇಧಿಸಿದೆ. ಕಂಡರೆ ದೂರು ಕೊಡಬಹುದು. ಸುಳ್ಳು ಗಡಿಯಾರಕ್ಕೆ ಹೆದರಿ ರಾತ್ರಿ ಹನ್ನೊಂದಕ್ಕೆ ಕೊಳ್ಳುವ ಅಗತ್ಯವಂತೂ ಯಾರಿಗೂ ಇಲ್ಲ.

ಹಣ ಹೋಗುವ ದಾರಿಗಳು ಖರೀದಿಗಿಂತ ಹೆಚ್ಚಾಗಿ ಖರೀದಿಯ ಅಕ್ಕಪಕ್ಕದಲ್ಲಿವೆ. ಸೀರೆ ವಾಪಸ್ ಕೊಡಬೇಕು, ಕಂಪನಿಯ ನಂಬರು ಗೊತ್ತಿಲ್ಲ, ಗೂಗಲ್‌ನಲ್ಲಿ ಹುಡುಕಿದಿರಿ. ಮೊದಲು ಸಿಕ್ಕಿದ್ದು ಕಳ್ಳರೇ ಹಾಕಿಟ್ಟ ನಂಬರು. ಆ ಕಡೆಯವರು ಬಹಳ ಮರ್ಯಾದೆಯಿಂದ "ಮೇಡಂ" ಎಂದು ಮಾತಾಡಿಸಿ, ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸುತ್ತಾರೆ. ಮುಂದೆ ನೀವು ಒತ್ತುವುದೆಲ್ಲ ಅವರಿಗೆ ಕಾಣುತ್ತದೆ. ಕಂಪನಿಯ ನಂಬರನ್ನು ಆ ಕಂಪನಿಯ ಆ್ಯಪ್‌ನೊಳಗಿನಿಂದ ಮಾತ್ರ ತೆಗೆದುಕೊಳ್ಳಬೇಕು. 'ವಿಳಾಸ ಸರಿ ಇಲ್ಲ, ಪಾರ್ಸೆಲ್ ನಿಂತಿದೆ' ಎಂದು ಅಂಚೆ ಇಲಾಖೆಯ ಹೆಸರಿನಲ್ಲಿ ಬರುವ ಲಿಂಕು ಇನ್ನೊಂದು. ಅಂಚೆಯಣ್ಣನನ್ನೇ ಕೇಳಿ, ನಮ್ಮ ಊರುಗಳಲ್ಲಿ ಅವರಿಗೆ ಗೊತ್ತಿಲ್ಲದ ಮನೆ ಇಲ್ಲ. ಕೊರಿಯರ್‌ನವನೆಂದು ಹೇಳಿ *401*ರಿಂದ ಶುರುವಾಗುವ ಸಂಖ್ಯೆ ಒತ್ತಿಸಿದರೆ ನಿಮ್ಮ ಕರೆಗಳು ಅವನ ಫೋನಿಗೆ ತಿರುಗುತ್ತವೆ, ಬ್ಯಾಂಕಿನ ಓಟಿಪಿಯ ಕರೆಯೂ ಸೇರಿ. ವಾಟ್ಸಾಪ್‌ನಲ್ಲಿ ಮದುವೆ ಆಮಂತ್ರಣದ ರೂಪದಲ್ಲಿ ಬರುವ ಎಪಿಕೆ ಕಡತವನ್ನೂ ತೆರೆಯಬೇಡಿ. ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ. 'ರಿಫಂಡ್ ಬರುತ್ತದೆ, ಪಿನ್ ಒತ್ತಿ' ಎಂದರೆ ಹಣ ಹೋಗುವುದು ನಿಮ್ಮ ಖಾತೆಯಿಂದ.

ಹಣ ಹೋಯಿತು ಎಂದು ಗೊತ್ತಾದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕಳ್ಳ ಆ ಹಣವನ್ನು ಇನ್ನೊಂದು ಖಾತೆಗೆ ದಾಟಿಸುವ ಮೊದಲು ತಡೆಹಿಡಿಯಲು ಇದು ದಾರಿ. ಗಂಟೆ ಕಳೆದಂತೆ ಸಾಧ್ಯತೆ ಕುಗ್ಗುತ್ತದೆ. ಮೂಡುಬಿದಿರೆ ಠಾಣೆ ಮಂಗಳೂರು ನಗರ ಪೊಲೀಸ್ ಕಮಿಷನರೇಟ್‌ಗೆ ಸೇರಿದ್ದು, ಬಂಟ್ವಾಳ ಮತ್ತು ಬೆಳ್ತಂಗಡಿ ಜಿಲ್ಲಾ ಪೊಲೀಸರ ವ್ಯಾಪ್ತಿ. ಯಾವ ಠಾಣೆ ಎಂಬ ಗೊಂದಲದಲ್ಲಿ ಹೊತ್ತು ಕಳೆಯಬೇಡಿ, 1930ಕ್ಕೆ ಗಡಿಗಳಿಲ್ಲ. ಬ್ಯಾಂಕಿಗೂ ಅಂದೇ ತಿಳಿಸಿ. ನಿಮ್ಮ ತಪ್ಪಾಗಲಿ ಬ್ಯಾಂಕಿನ ತಪ್ಪಾಗಲಿ ಇಲ್ಲದೆ ಹೊರಗಿನವರ ಕೈವಾಡದಿಂದ ಹಣ ಹೋಗಿದ್ದು, ಬ್ಯಾಂಕಿನಿಂದ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಹೊಣೆ ನಿಮ್ಮದಲ್ಲ ಎನ್ನುತ್ತದೆ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ. ಪಿನ್ ಅಥವಾ ಓಟಿಪಿಯನ್ನು ನೀವೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮ ಮೇಲೆ. ಮರ್ಯಾದೆಗೆ ಅಂಜಿ ನಾಲ್ಕು ದಿನ ಮನೆಯಲ್ಲೂ ಹೇಳದೆ ಕೂರುವವರನ್ನು ನೋಡಿದರೆ ಸಂಕಟವಾಗುತ್ತದೆ. ಮೋಸ ಹೋದವರನ್ನು ಬೈಯುವ ನಮ್ಮ ಚಾಳಿಯೇ ಆ ಮೌನಕ್ಕೆ ಕಾರಣ.

ವಸ್ತು ಕೆಟ್ಟದ್ದಾದರೆ ದಾರಿ ಬೇರೆ. 2020ರ ಜುಲೈ 23ರಂದು ಜಾರಿಯಾದ ಇ-ಕಾಮರ್ಸ್ ನಿಯಮಗಳ ಪ್ರಕಾರ ಪ್ರತಿ ಜಾಲತಾಣಕ್ಕೂ ದೂರು ಅಧಿಕಾರಿ ಇರಬೇಕು. ದೂರು ತಲುಪಿದೆಯೆಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ದೋಷವಿರುವ, ನಕಲಿಯಾದ, ಜಾಹೀರಾತಿನಲ್ಲಿ ತೋರಿಸಿದಂತಿಲ್ಲದ ವಸ್ತುವನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎನ್ನಲು ಮಾರಾಟಗಾರರಿಗೆ ಹಕ್ಕಿಲ್ಲ. 'ನೋ ರಿಟರ್ನ್' ಎಂದು ಬರೆದಿದ್ದರೂ ಅಷ್ಟೇ. ಅಲ್ಲಿ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು. ಎಷ್ಟೋ ವಿವಾದಗಳು ಈ ಹಂತದಲ್ಲೇ ಮುಗಿಯುತ್ತವೆ.

ಅಲ್ಲೂ ಬಗೆಹರಿಯದಿದ್ದರೆ ಮಂಗಳೂರಿನಲ್ಲಿರುವ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. 2019ರ ಕಾಯ್ದೆ ತಂದ ದೊಡ್ಡ ಬದಲಾವಣೆ ಇಲ್ಲಿದೆ. ಮಾರಾಟಗಾರ ಸೂರತ್‌ನಲ್ಲಿರಲಿ ದಿಲ್ಲಿಯಲ್ಲಿರಲಿ, ಕೊಂಡವರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಪುಂಜಾಲಕಟ್ಟೆಯ ಬೀಡಿ ಕಟ್ಟುವ ಅಕ್ಕನೊಬ್ಬರು ಸೂರತ್‌ಗೆ ಅಲೆಯಬೇಕಿಲ್ಲ, ಸೂರತ್‌ನವರೇ ಮಂಗಳೂರಿಗೆ ಉತ್ತರಿಸಬೇಕು. ಕೊಟ್ಟ ಬೆಲೆ 5 ಲಕ್ಷದವರೆಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, 'ಇ-ಜಾಗೃತಿ' ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು, ವಿಡಿಯೊ ಮೂಲಕ ವಿಚಾರಣೆ ಕೋರಬಹುದು. ಕಾಲಮಿತಿ ಎರಡು ವರ್ಷ. ಪರೀಕ್ಷೆಗೆ ಕಳಿಸಬೇಕಿಲ್ಲದ ಪ್ರಕರಣ ಮೂರು ತಿಂಗಳಲ್ಲಿ ಮುಗಿಯಬೇಕೆಂದು ಕಾಯ್ದೆ ಹೇಳಿದರೂ ಹಲವು ಅದಕ್ಕಿಂತ ಹೆಚ್ಚು ಎಳೆಯುತ್ತವೆ, ತಾಳ್ಮೆ ಬೇಕು. ಕಾನೂನಿನ ಮಾತು ಅರ್ಥವಾಗದವರು ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಕೇಳಬಹುದು.

ಕರಾವಳಿಗೆ ಈ ಹೋರಾಟ ಹೊಸದಲ್ಲ. 1986ರ ಗ್ರಾಹಕ ರಕ್ಷಣಾ ಕಾಯ್ದೆ ಬರುವ ಮೊದಲೇ ಕುಂದಾಪುರದ ಬಳಿಯ ಬಸ್ರೂರಿನಲ್ಲಿ ಬಳಕೆದಾರರ ವೇದಿಕೆ ಕೆಲಸ ಮಾಡುತ್ತಿತ್ತು. ಡಾ. ರವೀಂದ್ರನಾಥ ಶಾನುಭಾಗರು ಮತ್ತವರ ಸಂಗಡಿಗರು ಸಾಮಾನ್ಯರ ದೂರುಗಳನ್ನು ಹಿಡಿದು ಕಚೇರಿಯಿಂದ ಕಚೇರಿಗೆ ಹೋದರು. ಈಗ ಅಂಥ ಕೆಲಸ ಊರೂರಿಗೆ ಬೇಕಾಗಿದೆ, ಮತ್ತು ಅದಕ್ಕೆ ಜಾಗ ನಮ್ಮಲ್ಲಿ ಆಗಲೇ ಇದೆ. ಬೆಳ್ತಂಗಡಿ ತಾಲ್ಲೂಕಿನಲ್ಲಿ 1982ರಲ್ಲಿ ಶುರುವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘಗಳು ವಾರಕ್ಕೊಮ್ಮೆ ಸೇರುತ್ತವೆ. ಗ್ರಾಮ ಪಂಚಾಯಿತಿಗಳಲ್ಲಿ ಅರಿವು ಕೇಂದ್ರಗಳಿವೆ. ಉಜಿರೆ, ಮೂಡುಬಿದಿರೆಯ ಕಾಲೇಜುಗಳಲ್ಲಿ ಎನ್ನೆಸ್ಸೆಸ್ ಮಕ್ಕಳಿದ್ದಾರೆ. ಸಂಘದ ಸಭೆಯಲ್ಲಿ ಹತ್ತು ನಿಮಿಷ, ಅರಿವು ಕೇಂದ್ರದಲ್ಲಿ ವಾರಕ್ಕೊಂದು ಮಧ್ಯಾಹ್ನ, ದೂರು ಬರೆದುಕೊಡಬಲ್ಲ ಒಬ್ಬ ಹುಡುಗಿ: ಇಷ್ಟಕ್ಕೆ ಸರ್ಕಾರದ ಹೊಸ ಯೋಜನೆ ಬೇಕಿಲ್ಲ.

ಆ ಹುಡುಗಿ ಬರೆಯಬೇಕಾದ್ದು ಹೀಗೆ: "ಇಂಥ ದಿನ ಇಂಥ ಆರ್ಡರ್ ಸಂಖ್ಯೆಯಲ್ಲಿ ಇಂಥ ಮಾರಾಟಗಾರರಿಂದ ಇಷ್ಟು ರೂಪಾಯಿ ಕೊಟ್ಟು ಈ ವಸ್ತು ತರಿಸಿದ್ದೇನೆ. ಇಂಥ ದಿನ ತಲುಪಿದೆ. ಪುಟದಲ್ಲಿ ಹೀಗೆಂದು ಬರೆದಿತ್ತು, ಬಂದದ್ದು ಹೀಗಿದೆ. ವಿಡಿಯೊ, ಬಿಲ್, ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ. ವಸ್ತುವನ್ನು ಮನೆಯಿಂದ ವಾಪಸ್ ಪಡೆದು ಪೂರ್ತಿ ಹಣವನ್ನು ನನ್ನ ಖಾತೆಗೆ ಮರಳಿಸಬೇಕು." ಸಿಟ್ಟಿನ ಮಾತು, ದೀರ್ಘ ವಿವರಣೆ ಬೇಡ. ಕಳಿಸಿದ ಮೇಲೆ ಬರುವ ದೂರು ಸಂಖ್ಯೆಯನ್ನು ಫೋನಿನಲ್ಲಿ ಮಾತ್ರವಲ್ಲ, ಕಾಗದದ ಮೇಲೂ ಬರೆದಿಟ್ಟುಕೊಳ್ಳಿ. 1915ರವರೂ ಆಯೋಗದವರೂ ಮೊದಲು ಕೇಳುವುದು ಅದನ್ನೇ.